ತೋಟಪ್ಪನವರು ಮುಗಿಸದ ವಾಕ್ಯ

ಶಿಕಾರಿಪುರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದ ತೋಟಪ್ಪನವರನ್ನು ಯಾರಾದರೂ ಭಾಷಣಕ್ಕೆ ಕರೆಯಲು ಬಂದರೆ, ಅವರ ಬಾಯಿಂದ ಬರುತ್ತಿದ್ದ ಮೊದಲ ಪ್ರಶ್ನೆ "ಅಡಿಗೆ ಯಾರದ್ರೀ?" ಎಂಬುದು. ವಿಷಯ ಯಾವುದು, ಅಧ್ಯಕ್ಷತೆ ಯಾರದು ಎಂಬುದೆಲ್ಲ ಆಮೇಲೆ. ಕರೆಯಲು ಬಂದವರು ಬೀದಿಗಿಳಿದ ಮೇಲೆ, "ಮಾತು ಬಂಗಾರ, ಆದ್ರೆ ಮನುಷ್ಯ ಊಟಕ್ಕೆ ಬಿದ್ದೋನು" ಎಂದು ನಕ್ಕುಕೊಳ್ಳುತ್ತಿದ್ದರು. ಪಾಪ, ತೋಟಪ್ಪನವರು ಎರಡು ರೊಟ್ಟಿಯ ಮೇಲೆ ತಿಂದವರಲ್ಲ. ಅಡಿಗೆಯವರು ಯಾರೆಂದು ತಿಳಿಯದೆ ಅವರಿಗೆ ಭಾಷಣ ಮುಗಿಸಲು ಬರುತ್ತಿರಲಿಲ್ಲ, ಅಷ್ಟೆ.

ಇದು ಶುರುವಾದದ್ದು ತೊಂಬತ್ತೊಂದರ ಬೇಸಿಗೆಯಲ್ಲಿ, ತಾಳಗುಂದದಲ್ಲಿ. ತೋಟಪ್ಪನವರ ಹೆಂಡತಿ ಜಗದಾಂಬನವರ ತವರಿನ ಕಡೆಯ ಒಂದು ಗೃಹಪ್ರವೇಶ. ಹಿತವಚನ ಹೇಳಲು ಬರಬೇಕಾಗಿದ್ದ ಪಂಡಿತರಿಗೆ ಬಸ್ಸು ತಪ್ಪಿತು. ಚಪ್ಪರದ ತುಂಬ ಜನ ಕೂತಿದ್ದರು, ಅಡಿಗೆ ಇನ್ನೂ ಆಗಿರಲಿಲ್ಲ. "ಅಂಗಡೀಲಿ ದಿನಾ ಮಾತಾಡ್ತಾರಲ್ಲ, ಇಲ್ಲೂ ಮಾತಾಡ್ಲಿ" ಎಂದು ಯಾರೋ ತೋಟಪ್ಪನವರ ಕೈಗೆ ಮೈಕು ಕೊಟ್ಟರು. ಗಿರಾಕಿಯ ಮುಂದೆ ಬಟ್ಟೆಯ ಥಾನು ಬಿಚ್ಚಿದಂತೆ ಅವರು ಮಾತು ಬಿಚ್ಚಿದರು. ಆದರೆ ಥಾನಿಗೂ ಒಂದು ಕೊನೆ ಇರುತ್ತದೆ. ಹೇಳಲು ಇನ್ನೇನೂ ಉಳಿಯದೆ ಬೆವರು ಒರೆಸಿಕೊಳ್ಳುತ್ತ, "ಆದ್ದರಿಂದ ಬಂಧುಗಳೇ, ಬದುಕಿನಲ್ಲಿ ಅತಿ ಮುಖ್ಯವಾದದ್ದು ಏನೆಂದರೆ..." ಎಂದು ಎಳೆದರು. ಏನೆಂದರೆ ಏನು ಎಂಬುದು ಅವರಿಗೆ ದೇವರಾಣೆಗೂ ಗೊತ್ತಿರಲಿಲ್ಲ.

ಆಗ ಹಿತ್ತಲಿನಿಂದ ಟಣ್ ಎಂದು ಸದ್ದು ಬಂತು. ಅಡಿಗೆಯ ವೀರಬಸಪ್ಪ ಅನ್ನ ಆರುತ್ತದೆಂಬ ಸಿಟ್ಟಿನಲ್ಲಿ ಕೊಪ್ಪರಿಗೆಯ ಅಂಚಿಗೆ ಸೌಟಿನಿಂದ ಬಡಿದಿದ್ದ. ತೋಟಪ್ಪನವರು ಆ ಸದ್ದಿಗೆ ಕೈಮುಗಿದು, "ಒಲೆ ಕರೆಯಿತು, ಮಾತು ಕೂತಿತು" ಎಂದು ಹೇಳಿ ಕೂತೇಬಿಟ್ಟರು. ಹಸಿದ ಜನಕ್ಕೆ ಅಂಥ ಭಾಷಣಕಾರ ಹಿಂದೆಂದೂ ಸಿಕ್ಕಿರಲಿಲ್ಲ. ಚಪ್ಪರ ಹಾರುವಂತೆ ಚಪ್ಪಾಳೆ ಬಿತ್ತು.

ಅಲ್ಲಿಂದ ಮುಂದೆ ಮದುವೆ, ಗೃಹಪ್ರವೇಶ, ನಿವೃತ್ತಿಯ ಬೀಳ್ಕೊಡುಗೆ, ಎಲ್ಲಕ್ಕೂ ತೋಟಪ್ಪನವರೇ ಬೇಕು. ವ್ಯಾಪಾರಿಯಲ್ಲವೇ, ಯಾವ ಸರಕು ಯಾಕೆ ಓಡುತ್ತದೆಂಬುದು ಅವರಿಗೆ ಬೇಗ ತಿಳಿಯಿತು. ಪಾತ್ರೆ ಅಂಗಡಿಯಲ್ಲಿ ಒಂದೊಂದೇ ಸೌಟು ಬಡಿದು ನೋಡಿ, ದೇವಸ್ಥಾನದ ಗಂಟೆಯಂತೆ ನಾದ ಕೊಡುವ ಹಿತ್ತಾಳೆಯ ಸೌಟೊಂದನ್ನು ತಂದು ವೀರಬಸಪ್ಪನಿಗೆ ಕೊಟ್ಟರು, ಅವನ ಅಡಿಗೆಯಿದ್ದ ಕಡೆಗಷ್ಟೇ ಭಾಷಣ ಒಪ್ಪಿಕೊಂಡರು. ಬಿಳಿ ಜುಬ್ಬ, ಎಡಹೆಗಲಿಗೆ ಮಡಿಸಿದ ಹಸಿರು ಅಂಚಿನ ಪಂಚೆ, ಎಲ್ಲೇ ಹೋದರೂ ಇದೇ ವೇಷ. ಕಿವಿ ಸಭೆಯ ಕಡೆಗಿದ್ದರೆ ಮೂಗು ಒಲೆಯ ಕಡೆಗೆ. ಸಾರಿಗೆ ಒಗ್ಗರಣೆ ಬಿದ್ದ ವಾಸನೆ ಬಂದರೆ ಕೊನೆಯ ದೃಷ್ಟಾಂತಕ್ಕೆ ಕೈಹಾಕುತ್ತಿದ್ದರು. ಹಪ್ಪಳ ಕರಿಯುವ ವಾಸನೆ ಬಂದರೆ "ಆದ್ದರಿಂದ ಬಂಧುಗಳೇ" ಶುರು. "ಏನೆಂದರೆ" ಎನ್ನುವುದಕ್ಕೂ ಸೌಟು ಬೀಳುವುದಕ್ಕೂ ಸರಿಹೋಗುತ್ತಿತ್ತು.

ಜನ ಅವರಿಗೆ ಸೌಟಿನ ತೋಟಪ್ಪ ಎಂದು ಹೆಸರಿಟ್ಟರು. ಬಸ್ಸಿನಲ್ಲಿ ಕಂಡವರು, "ಅಲ್ರೀ ತೋಟಪ್ಪಾರೇ, ಆ ಮುಖ್ಯವಾದದ್ದು ಏನ್ರೀ? ನಮಗಾದ್ರೂ ಹೇಳ್ರಿ" ಎಂದು ಕಾಡುತ್ತಿದ್ದರು. ತೋಟಪ್ಪನವರು ಕಣ್ಣು ಅರ್ಧ ಮುಚ್ಚಿ, "ಹೊತ್ತು ಬರ್ಬೇಕು" ಎನ್ನುತ್ತಿದ್ದರು. ಜನ ಅದನ್ನು ಜ್ಞಾನವೆಂದು ತಿಳಿದರು. ಪಕ್ಕದಲ್ಲಿ ಕೂತ ಜಗದಾಂಬನವರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹೀಗೆ ಐದಾರು ವರ್ಷ ಸುಖವಾಗಿ ಹೋಯಿತು. ಒಂದು ದಿನ ಸೊರಬದಿಂದ ಅಂಗಡಿಯ ಎದುರಿನ ಎಸ್‌ಟಿಡಿ ಬೂತಿಗೆ ಫೋನು ಬಂತು. ಮಾತಾಡಿದವರು ರೇಣುಕಾಪ್ರಸಾದ್ ಎಂಬ ಯುವ ವಕೀಲರು.

"ನಮ್ ಗೆಳೆಯರ ಬಳಗದಿಂದ ಒಂದು ವಿಶೇಷ ಉಪನ್ಯಾಸ ಸಾರ್. ಇಡೀ ಸಭೆಗೆ ನೀವೊಬ್ರೇ ಭಾಷಣಕಾರರು. ಹೆಸರಿನ ಮುಂದೆ 'ವಾಗ್ಭೂಷಣ' ಅಂತ ಅಚ್ಚು ಹಾಕಿಸ್ತೀವಿ."

ಒಬ್ಬರೇ! ವಾಗ್ಭೂಷಣ! ತೋಟಪ್ಪನವರು ಹಿಗ್ಗಿನಲ್ಲಿ ಎಂದೂ ಮರೆಯದ ಪ್ರಶ್ನೆಯನ್ನು ಮರೆತು ಒಪ್ಪಿಕೊಂಡರು. ಕರಪತ್ರ ಕೈಗೆ ಬಂದಾಗಲೇ ಅವರ ಮುಖ ಬಾಡಿದ್ದು. ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: 'ಬದುಕಿನಲ್ಲಿ ಅತಿ ಮುಖ್ಯವಾದದ್ದು ಏನು? ಸೌಟಿನ ತೋಟಪ್ಪನವರು ಕೊನೆಗೂ ಹೇಳಲಿದ್ದಾರೆ.' ಕೆಳಗೆ ಸಣ್ಣಕ್ಷರದಲ್ಲಿ: 'ಚಹಾ ವ್ಯವಸ್ಥೆ ಇದೆ.'

ಓಡಿಹೋಗಿ ಫೋನು ಮಾಡಿ, "ಊಟ ಇಲ್ಲೇನ್ರೀ?" ಎಂದರು.

"ನೀವು ವಾಕ್ಯ ಮುಗಿಸ್ಲಿ ಅಂತಲೇ ಊಟ ತೆಗೆದಿದ್ದು ಸಾರ್" ಎಂದರು ವಕೀಲರು, ಬಹಳ ದೊಡ್ಡ ಉಪಕಾರ ಮಾಡಿದವರಂತೆ.

ಊಟವಿಲ್ಲದ ಸಮಾರಂಭವೊಂದು ಇರಬಹುದೆಂದು ಆ ಸೀಮೆಯಲ್ಲಿ ಯಾರು ಊಹಿಸಿಯಾರು? ತೋಟಪ್ಪನವರಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಕಟ್ಟಿಕೊಂಡ ಹೆಸರೆಲ್ಲ ಆ ಒಂದು ವಾಕ್ಯದ ತುದಿಗೆ ನೇತಾಡುತ್ತಿತ್ತು. ಮುಂದೇನೂ ಇಲ್ಲವೆಂದು ಸೊರಬದಲ್ಲಿ ಗೊತ್ತಾದರೆ, ಸುದ್ದಿ ಅವರಿಗಿಂತ ಮೊದಲಿನ ಬಸ್ಸು ಹಿಡಿದು ಶಿಕಾರಿಪುರಕ್ಕೆ ಬರುತ್ತಿತ್ತು. ಆಮೇಲೆ ಯಾವ ಚಪ್ಪರದವರು ಕರೆದಾರು?

ಮನೆಯಲ್ಲಿ ಉತ್ತರದ ಹುಡುಕಾಟ ನಡೆಯಿತು.

"ಸತ್ಯ ಅಂದ್ರೆ ಹೆಂಗೆ?" ಎಂದರು ತೋಟಪ್ಪನವರು.

ಜಗದಾಂಬನವರು ಅವರೆಕಾಯಿ ಸುಲಿಯುತ್ತ, "ಆ ಕೆಂಪು ಸೀರೆ ಬಣ್ಣ ಬಿಡಲ್ಲ ಅಂತ ಮೊನ್ನೆ ಯಾರೋ ಆಣೆ ಇಟ್ಟಂಗಿತ್ತು" ಎಂದರು.

"ಹೋಗ್ಲಿ, ತಾಳ್ಮೆ?"

"ಕಾಫಿ ಚೂರು ತಡ ಆದ್ರೆ ಮನೇನ ತಲೆ ಮ್ಯಾಲೆ ಹೊತ್ತು ಕುಣಿಯೋರು ನೀವೇ ಅಲ್ವಾ?"

"ದುಡಿಮೆ ಅಂದ್ಬಿಡ್ಲಾ?"

"ಅನ್ರಿ. ಮಧ್ಯಾಹ್ನ ಥಾನಿನ ಮೇಲೆ ಗೊರಕೆ ಹೊಡೀವಾಗ ನೋಡಿದೋರು ಸೊರಬದಾಗೆ ಯಾರೂ ಇರಲಿಕ್ಕಿಲ್ಲ."

ದಿಕ್ಕು ಕಾಣದೆ ತೋಟಪ್ಪನವರು ವೀರಬಸಪ್ಪನ ಮನೆಗೆ ಹೋದರು. ಸೊರಬಕ್ಕೆ ಬಾ, ಸಭಾಭವನದ ಹಿಂದೆ ನಿಂತು ಹೊತ್ತಿಗೆ ಸರಿಯಾಗಿ ಒಂದೇ ಒಂದು ಏಟು ಹಾಕು ಸಾಕು ಎಂದು ಬೇಡಿಕೊಂಡರು. ವೀರಬಸಪ್ಪ ಎಲೆಯಡಿಕೆ ಉಗಿದು ಬಂದು ಕೂತ.

"ಸಾವ್ಕಾರ್ರೇ, ನಾನು ಸೌಟು ಬಡಿದ್ರೆ ಎಲೆ ಹಾಸ್ಬೇಕು, ಎಲೆ ಮ್ಯಾಲೆ ಅನ್ನ ಬೀಳ್ಬೇಕು. ಖಾಲಿ ಕೊಪ್ಪರಿಗೆ ಬಡಿದು ಹಸಿದೋರನ್ನ ಕರೆಯಾದು ಪಾಪ. ನಮ್ಮಪ್ಪನೂ ಮಾಡ್ಲಿಲ್ಲ, ನಾನೂ ಮಾಡಲ್ಲ. ನಿಮ್ಮ ಮಾತಿನ ಪಾತ್ರೆ ನೀವೇ ಇಳಿಸ್ಕಳ್ರಿ."

ತೋಟಪ್ಪನವರು ಮುಖ ಊದಿಸಿಕೊಂಡು ಎದ್ದು ಬಂದರು. ಆದರೆ ಮನೆ ಮುಟ್ಟುವುದರೊಳಗೆ ನಡಿಗೆ ನಿಧಾನವಾಗಿತ್ತು, ಮುಖದಲ್ಲಿ ಏನೋ ಹೊಳೆದ ಕಳೆಯಿತ್ತು. ಜಗದಾಂಬನವರು ಕೇಳಿದರೆ, "ಸಿಕ್ತು. ಸೊರಬದಾಗೆ ಕೇಳುವಿಯಂತೆ" ಎಂದಷ್ಟೇ ಹೇಳಿದರು. ಇಷ್ಟು ವರ್ಷ ಮಾತಾಡಿದವರಿಗೆ ಅಂದು ಮೊದಲ ಸಲ ಹೇಳಲು ಒಂದು ವಿಷಯವಿತ್ತು.

ಭಾನುವಾರ ಗಂಡಹೆಂಡಿರಿಬ್ಬರೂ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿದರು. ಸೊರಬದ ಸಭಾಭವನದಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಅಡಿಕೆ ಮಂಡಿಯವರು, ಮೇಷ್ಟ್ರುಗಳು, ಹೆಂಗಸರು, ಎಲ್ಲರೂ ಬಂದಿದ್ದರು. ಚಹಾ ಮೊದಲೇ ಕೊಟ್ಟಾಗಿತ್ತು, ಖಾಲಿ ಸ್ಟೀಲ್ ಲೋಟಗಳು ಕುರ್ಚಿಗಳ ಕೆಳಗಿದ್ದವು. ತೋಟಪ್ಪನವರು ಎದ್ದು ನಿಂತು ಅಭ್ಯಾಸಬಲದಿಂದ ಗಾಳಿ ಮೂಸಿದರು. ಒಗ್ಗರಣೆಯಿಲ್ಲ, ಹಪ್ಪಳವಿಲ್ಲ, ಬರೀ ಸುಣ್ಣದ ವಾಸನೆ. ಆದರೂ ಅಂದು ಅವರು ಹೆದರಲಿಲ್ಲ. ಮಾತು ಹದವಾಗಿ ಹರಿಯಿತು, ಜನ ನಕ್ಕರು, ತಲೆದೂಗಿದರು. ಕೊನೆಗೆ ಪಂಚೆ ಸರಿಪಡಿಸಿಕೊಂಡು ಅವರು ದನಿ ಇಳಿಸಿದರು.

"ಆದ್ದರಿಂದ ಬಂಧುಗಳೇ, ಬದುಕಿನಲ್ಲಿ ಅತಿ ಮುಖ್ಯವಾದದ್ದು ಏನೆಂದರೆ..."

ತೋಟಪ್ಪನವರು ಉತ್ತರಕ್ಕೆ ಬಾಯಿ ತೆರೆದರು.

ಟಣ್!

ಮುಂದಿನ ಸಾಲಿನಲ್ಲಿದ್ದ ಮಂಡಿಯ ಉಚ್ಚಂಗಪ್ಪನವರು, ಎಪ್ಪತ್ತು ದಾಟಿದ ಹಿರಿಯರು, ಚಹಾದ ಲೋಟವನ್ನು ಕಬ್ಬಿಣದ ಕುರ್ಚಿಗೆ ಬಡಿದಿದ್ದರು. ಅರೆಗಳಿಗೆ ಎಲ್ಲರೂ ಬೆರಗಾದರು. ಆಮೇಲೆ ಇನ್ನೊಂದು ಲೋಟ, ಮತ್ತೊಂದು. ಇಡೀ ಭವನ ಟಣಟಣ ಎಂದಿತು, ಹೆಂಗಸರ ಕಡೆಯಿಂದ ಎಲ್ಲಕ್ಕಿಂತ ಜೋರಾಗಿ.

"ತಡೀರಿ, ಹೇಳ್ತೀನಿ ತಡೀರಿ! ಇವತ್ತು ನಿಜವಾಗ್ಲೂ ಇದೆ!" ಎಂದು ತೋಟಪ್ಪನವರು ಕೈ ಬೀಸಿದರು.

"ಹೇಳ್ಬೇಡಿ ಮಾರಾಯ್ರೆ!" ಎಂದು ಉಚ್ಚಂಗಪ್ಪನವರು ಕೂಗಿದರು. "ಹೇಳ್ಬಿಟ್ರೆ ಬರೋ ವರ್ಷ ನಾವು ಯಾರನ್ನ ಕರೆಯೋದು? ಕೂತ್ಕಳ್ಳಿ ಕಣ್ರೀ!"

ಸಭೆ ಬಿದ್ದು ಬಿದ್ದು ನಕ್ಕಿತು. ವಕೀಲ ರೇಣುಕಾಪ್ರಸಾದರು ಕರಪತ್ರ ಹಿಡಿದು, "ಮುಗಿಸ್ಲಿ ಬಿಡಿ, ಮುಗಿಸ್ಲಿ" ಎನ್ನುತ್ತಿದ್ದುದು ಯಾರಿಗೂ ಕೇಳಿಸಲಿಲ್ಲ. ತೋಟಪ್ಪನವರು ಒಂದು ಗಳಿಗೆ ನಿಂತು ನೋಡಿದರು. ಹೆಸರು ಉಳಿದಿತ್ತು, ಉಳಿಯುವುದೇನು, ದುಪ್ಪಟ್ಟಾಗಿತ್ತು. ಬೇರೆ ದಾರಿಯಿಲ್ಲದೆ ಕೈಮುಗಿದು, "ಒಲೆ ಕರೆಯಿತು, ಮಾತು ಕೂತಿತು" ಎಂದು ಕೂತರು. ಅಡಿಗೆಯ ಒಲೆಯೇ ಇಲ್ಲದ ಸಭೆಯಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಅವರಿಗೆ ಹಿಂದೆಂದೂ ಬಿದ್ದಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ವಾಗ್ಭೂಷಣರು ಸನ್ಮಾನದ ಶಾಲನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು.

"ಏನಂತ ಹೇಳೋದಿತ್ರೀ?" ಎಂದು ಜಗದಾಂಬನವರು ಮೆಲ್ಲಗೆ ಕೇಳಿದರು.

"ಬ್ಯಾಡ ಬಿಡು, ಯಾರಿಗೆ ಬೇಕು?"

"ನನಗೆ ಬೇಕು, ಹೇಳ್ರಿ."

ತೋಟಪ್ಪನವರು ಅತ್ತಿತ್ತ ನೋಡಿ, ಗುಟ್ಟು ಹೇಳುವವರಂತೆ ಬಾಗಿ, "ಹಸಿದೋರನ್ನ ಕಾಯಿಸಬಾರದು. ಅದೇ ಎಲ್ಲಕ್ಕಿಂತ ಮುಖ್ಯ" ಎಂದರು.

ಜಗದಾಂಬನವರು ಹುಬ್ಬೇರಿಸಿದರು. "ಅಯ್ಯ, ಅದನ್ನ ವೀರಬಸಪ್ಪನ ಸೌಟು ಇಷ್ಟು ವರ್ಷದಿಂದ ಹೇಳ್ತಾನೇ ಇತ್ತಲ್ರೀ!"

"ಹಂಗಲ್ಲ ಕಣೇ. ಅದರ ಒಳಾರ್ಥ ಏನೆಂದರೆ..." ಎಂದು ತೋಟಪ್ಪನವರು ಭುಜದ ಪಂಚೆ ಸರಿಪಡಿಸಿಕೊಂಡರು.

ಊಟವಿಲ್ಲದ ಸಭೆಯೆಂದು ತಿಳಿದೇ ಜಗದಾಂಬನವರು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಬಂದಿದ್ದರು. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ಅದರ ಮುಚ್ಚಳಕ್ಕೆ ಚಮಚದಿಂದ ಒಂದು ಏಟು ಹಾಕಿದರು.

ಟಣ್!

ತೋಟಪ್ಪನವರು ಬಾಯಿ ಮುಚ್ಚಿ, ರೊಟ್ಟಿ ಮುರಿದರು.