ಚೊಕ್ಕಮ್ಮನ ಬೂಟು

ಕಾರ್ಖಾನೆಗೆ ನೀರು ಹರಿಸುವ ಕಾಲುವೆಯ ಜಾಲರಿಯಿಂದ ಕಸ ತೆಗೆಯುವುದು ಅವಳ ಕೆಲಸ. ಹುಟ್ಟಿದಾಗ ಇಟ್ಟ ಹೆಸರನ್ನು ಎಲ್ಲರೂ ಮರೆತು ಚೊಕ್ಕಮ್ಮ ಎನ್ನುತ್ತಿದ್ದರು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುವ ಹೆಂಗಸು! "ಸುಮ್ನೆ ಕೂತ್ರೆ ನನ್ನನ್ನೂ ಉಜ್ಜಿ ಒಣಗಾಕ್ತಾಳೆ" ಎಂದು ಗಂಡ ಕಂಡವರ ಮುಂದೆಲ್ಲ ಗೋಳಾಡುತ್ತಿದ್ದ.

ಆ ಸಲ ಅವಳು ಜಾಲರಿಯ ಹಿಂದಿನ ಮಡುವನ್ನೂ ಬಿಡಲಿಲ್ಲ. ಒಡೆದ ಮಡಕೆ, ಡಬ್ಬ, ಕೊಳವೆ ತುಂಡು, ಎಲ್ಲವನ್ನೂ ಎಳೆದುಹಾಕಿದಳು, ಲಾರಿ ಹೊತ್ತೊಯ್ದಿತು. 'ಇಲ್ಲಿ ಕಸ ಹಾಕಬಾರದು' ಎಂಬ ಹಲಗೆಯನ್ನೂ ಹಟ ಹಿಡಿದು ಹಾಕಿಸಿದಳು. ತಳದ ಮರಳು ಕಾಣುವಷ್ಟು ನೀರು ತಿಳಿಯಾಯಿತು. ಸೊಂಟದ ಮೇಲೆ ಕೈಯಿಟ್ಟು ನೋಡಿ ಹಿಗ್ಗಿದಳು.

ಹಿಗ್ಗಿದ್ದು ಅವಳೊಬ್ಬಳೇ ಅಲ್ಲ. ಮಾರನೆಯ ಬೆಳಿಗ್ಗೆ ಕೊಕ್ಕರೆ ಬಂದು ನಿಂತಿತ್ತು.

ಆ ಮಡಕೆ, ಡಬ್ಬಗಳಲ್ಲೇ ಅಡಗುತ್ತಿದ್ದ ಮಡುವಿನ ಏಡಿಗಳಿಗೆ ಈಗ ಉಳಿದದ್ದು ಗೋಡೆಯ ಒಂದೆರಡು ಬಿರುಕು ಮಾತ್ರ. ಆ ಏಡಿಗಳಲ್ಲೊಂದು ಅವಳಿಗೆ ಗುರುತಿತ್ತು. ಒಂದು ಇಕ್ಕಳ ಮುರಿದುಹೋಗಿದ್ದ ಅದನ್ನು ಒಂಟಿಗೈ ಎಂದು ಕರೆದು ಬುತ್ತಿಯ ಚೂರು ಹಾಕುತ್ತಿದ್ದಳು. ಅಂದು ಅದು ಹಳೆಯ ಚಿಪ್ಪು ಕಳಚಿ ಹೊರಬಂದಿತ್ತು. ಮೈಯೆಲ್ಲ ಬೆಣ್ಣೆಯಷ್ಟು ಮೆತ್ತಗೆ. ಮುರಿದ ಜಾಗದಲ್ಲಿ ಪುಟಾಣಿ ಹೊಸ ಇಕ್ಕಳ! ಹೋದ ಕೈ ಮತ್ತೆ ಬರುತ್ತದೆಂದು ಕಂಡು ಚೊಕ್ಕಮ್ಮ ಮೂಗಿನ ಮೇಲೆ ಬೆರಳಿಟ್ಟಳು.

ಆದರೆ ಅಡಗಲು ಜಾಗವೆಲ್ಲಿ? ಒಂಟಿಗೈ ಒಂದು ಬಿರುಕಿಗೆ ನುಗ್ಗಿದರೆ ಒಳಗಿದ್ದ ದಾಂಡಿಗ ಏಡಿ ಹೊರದಬ್ಬಿತು. ಇನ್ನೊಂದರಲ್ಲೂ ಅದೇ ಪಾಡು. ಕೊಕ್ಕರೆ ಒಂದು ಹೆಜ್ಜೆ ಮುಂದಿಟ್ಟಿತು.

"ಹೋಗಾಚೆ, ದರಿದ್ರದ್ದೇ!" ಎಂದು ಚೊಕ್ಕಮ್ಮ ಕೂಗಿದಳು. ಅದು ಆಚೆ ದಡಕ್ಕೆ ಹಾರಿ ಮತ್ತೆ ಬಂತು. ಜಾಗ ಕಿತ್ತುಕೊಂಡವಳು ತಾನೇ ಎಂದು ಅವಳಿಗೆ ಆಗ ಹೊಳೆಯಿತು. ಕಾಲಿನ ರಬ್ಬರ್ ಬೂಟು ಕಿತ್ತು ನೀರಿಗೆ ಬಿಟ್ಟಳು. ಒಂಟಿಗೈ ಅದರೊಳಗೆ ಸರಿದುಹೋಯಿತು.

ಮೂರನೆಯ ಬೆಳಿಗ್ಗೆ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಗಂಡನ ಚಪ್ಪಲಿ ಹಾಕಿಕೊಂಡು ಓಡಿಬಂದಳು. ಬೂಟಿನ ಬಾಯಲ್ಲಿ ದೊಡ್ಡದೊಂದು, ಚಿಕ್ಕದೊಂದು ಇಕ್ಕಳ ಆಡುತ್ತಿದ್ದವು. "ಬದುಕಿದ್ಯಾ ನನ್ನಪ್ಪ!" ಅವಳ ಕಣ್ಣು ತುಂಬಿತು.

ಅಷ್ಟರಲ್ಲಿ ಹೆಬ್ಬೆರಳಷ್ಟು ಮರಿ ಏಡಿಯೊಂದು ಬೂಟಿನ ಬಾಯಿಗೆ ಬಂತು. ಒಂಟಿಗೈ ಆ ಹೊಸ ಕೈಯನ್ನೇ ಎತ್ತಿ ಅದನ್ನು ಆಚೆ ನೂಕಿತು. ಕೊಕ್ಕರೆಯ ಕತ್ತು ಮರಿಯತ್ತ ತಿರುಗಿತು.

"ಅಯ್ಯೋ ನಿನ್ನ! ಮೊನ್ನೆ ನಿನ್ ಗತಿ ಏನಾಗಿತ್ತು?"

ಬೈದಳೇ ಹೊರತು ಸಿಟ್ಟು ಬರಲಿಲ್ಲ. ಬದುಕಬೇಕೆಂಬ ಹಟ ಇಷ್ಟು ದೊಡ್ಡದೇ ಎಂದು ಅವಳ ಮೈ ಜುಮ್ಮೆಂದಿತು. ಹಲಗೆಗೆ ಬೆನ್ನು ಮಾಡಿ, ಇನ್ನೊಂದು ಬೂಟನ್ನೂ ಬಿಚ್ಚಿ ನೀರಿಗೆ ಬಿಟ್ಟಳು.