ಬಟನ್ ಹೂವಿನ ಆವಿ

ರಾಯಚೂರಿನಲ್ಲಿ ನನ್ನದೊಂದು ಮೀನಿನ ಅಂಗಡಿ ಇದೆ. ತಿನ್ನುವ ಮೀನಿನದಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನಿನದು. ಗಿರಾಕಿಗಳಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟವರು ಇಬ್ಬರೇ: ಮಾನ್ವಿಯ ಒಬ್ಬ ರೈಸ್‌ಮಿಲ್ ಸಾಹುಕಾರರು, ದೇವದುರ್ಗದ ಒಬ್ಬ ಮಕ್ಕಳ ಡಾಕ್ಟರು. ನಮ್ಮ ಸೀಮೆಗೆ ಸಮುದ್ರ ದೂರ, ಹಾಗಾಗಿ ಪ್ಯಾಕೆಟ್ಟಿನ ಉಪ್ಪನ್ನು ಫಿಲ್ಟರ್ ನೀರಿಗೆ ಕಲಸಿ ನಾವೇ ಸಮುದ್ರದ ನೀರು ಮಾಡಿಕೊಳ್ಳಬೇಕು. ಆ ನೀರು ಒಂದು ಜಾಲರಿಯ ಮೂಲಕ ತೊಟ್ಟಿಯ ಕೆಳಗಿನ ಕಪಾಟಿನಲ್ಲಿರುವ ಇನ್ನೊಂದು ಸಣ್ಣ ತೊಟ್ಟಿಗೆ ಇಳಿಯುತ್ತದೆ. ಅಲ್ಲಿ ಸೋಸುವ ಬಟ್ಟೆಚೀಲ, ಹೊಲಸನ್ನು ನೊರೆ ಮಾಡಿ ಎತ್ತುವ ಸ್ಕಿಮ್ಮರ್, ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ಪಂಪು ಇರುತ್ತವೆ. ಮೂರು ತಿಂಗಳಿಗೊಮ್ಮೆ ಇವನ್ನೆಲ್ಲ ಬಿಚ್ಚಿ ತೊಳೆಯಬೇಕು. ಅದಕ್ಕೆ ನಾವು ಫುಲ್ ಸರ್ವಿಸ್ ಎನ್ನುತ್ತೇವೆ.

ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ. ಅವಳು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ನಾನು ತಂದ ಸಾಮಾನನ್ನು ಬಚ್ಚಲಲ್ಲಿ ವಿನೆಗರ್ ಬೆರೆಸಿದ ನೀರಿಗೆ ಹಾಕಿಟ್ಟರೆ, ಸಂದಿಗೊಂದಿಯಲ್ಲಿ ಕಟ್ಟಿದ ಸುಣ್ಣ ತೆಗೆಯುವುದು ಅವಳ ಕೆಲಸ. "ನಿಮ್ಮ ಕೈ ಒರಟು, ಮುರಿದು ಹಾಕ್ತೀರಿ" ಎಂದು ಬ್ರಷ್ ಕಸಿದುಕೊಳ್ಳುವಳು. ಹಲವು ವರ್ಷ ಹೀಗೇ ನಡೆಯಿತು.

ಆ ಸಲ ಮಾನ್ವಿಯಿಂದ ತಂದದ್ದರಲ್ಲಿ ನೀರಿಳಿಯುವ ಜಾಲರಿಯೂ ಇತ್ತು. ಸಾಹುಕಾರರ ತೊಟ್ಟಿಯ ಕಲ್ಲಿನ ಮೇಲೆ ಬಟನ್ ಹೂವು ಎಂದು ನಾವು ಕರೆಯುವ ಜೀವಿಗಳಿದ್ದವು. ಅಂಗಿಯ ಗುಂಡಿಯಷ್ಟೇ ಅಗಲ, ಸುತ್ತ ಸಣ್ಣ ಎಸಳು, ಹಸಿರು ಮತ್ತು ಕಂದು ಬಣ್ಣ. ಅವು ಕಲ್ಲು ಬಿಟ್ಟು ಜಾಲರಿಗೆ ಹಬ್ಬಿ, ನೀರು ಇಳಿಯದಂತೆ ಮಾಡಿದ್ದವು. ಬೇರೆ ಜಾಲರಿ ಹಾಕಿ, ಅದನ್ನು ಚೀಲದಲ್ಲಿ ಕಟ್ಟಿ ಮನೆಗೆ ತಂದೆ. ಮರುದಿನ ಬೆಳಿಗ್ಗೆ ವಿನೆಗರಿನಲ್ಲಿ ನೆನೆಸಿ ನೋಡಿದರೆ ಒಂದೂ ಬಿಡಲಿಲ್ಲ. ಬಿಡದ್ದಕ್ಕೆ ಬಿಸಿನೀರು ಎಂದು ಗಿರಾಕಿಗಳಿಗೂ ನಾನೇ ಹೇಳಿಕೊಟ್ಟಿದ್ದೆ; ಕುದಿಯುವ ನೀರು ತಂದು ಬಕೀಟಿಗೆ ಸುರಿದೆ. ಬಚ್ಚಲ ತುಂಬ ಆವಿ ಎದ್ದಿತು. ಅಷ್ಟರಲ್ಲಿ ಫೋನು ಬಂತು, ಮಾತಾಡುತ್ತ ಓಣಿಗೆ ಹೋದೆ.

ಬರುವಷ್ಟರಲ್ಲಿ ಅವಳು ಅರ್ಧ ಕೆಲಸ ಮುಗಿಸಿದ್ದಳು. ಜಾಲರಿ ಹೊಸದರಂತೆ ಬೆಳ್ಳಗಾಗಿತ್ತು.

"ಏನ್ ಹೊಲಸು ನಾತ ರೀ ಇದು" ಎಂದಳು. ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡು ಮಷೀನಿಗೆ ಹೋಗಿ ಕುಳಿತಳು. ಒಂದು ತೋಳು ಹೊಲಿದಿರಬೇಕು, ಮಷೀನಿನ ಸದ್ದು ನಿಂತಿತು.

"ಬಾಯಾಗ ತಾಮ್ರದ ಬಿಲ್ಲಿ ಇಟ್ಟಂಗ ಆಗ್ಯದ ನೋಡ್ರಿ."

ನೀರು ಕೊಟ್ಟೆ. ಕುಡಿದು ಕೆಮ್ಮಿದಳು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಹೊರಗೆ ರಾಯಚೂರಿನ ಬಿಸಿಲು ಸುಡುತ್ತಿತ್ತು, ಅವಳು ಎರಡು ಕೌದಿ ಹೊದ್ದು ನಡುಗುತ್ತಿದ್ದಳು. "ಎದಿ ಹಿಡದಂಗ ಆಗಾಕತ್ತದ" ಎಂದಾಗ ಅವಳ ತುಟಿ ನೀಲಿಗಟ್ಟಿದ್ದನ್ನು ನೋಡಿದೆ. ಆಟೊ ಹಿಡಿದು ಆಸ್ಪತ್ರೆಗೆ ಒಯ್ದೆ.

ಡಾಕ್ಟರಮ್ಮ ಆಕ್ಸಿಜನ್ ಹಚ್ಚಿಸಿ ನನ್ನನ್ನು ಪಕ್ಕಕ್ಕೆ ಕರೆದರು.

"ಬಚ್ಚಲದಾಗ ಏನ್ ಹಾಕಿ ತೊಳದ್ರಿ? ಆಸಿಡ್? ಬ್ಲೀಚಿಂಗ್?"

"ಏನೂ ಇಲ್ರೀ ಮೇಡಂ. ಬಿಸಿನೀರು, ಒಂಚೂರು ವಿನೆಗರ್."

"ಬಿಸಿನೀರಿಗೆ ಹಿಂಗ ಆಗಂಗಿಲ್ಲ. ಅದರಾಗ ಏನಿತ್ತು?"

"ಹೂವು" ಎಂದೆ. ಅವರು ನನ್ನನ್ನೇ ನೋಡಿದರು. ಹೂವಲ್ಲ, ಹವಳದ ಜಾತಿಯ ಜೀವ ಎಂದು ಬಿಡಿಸಿ ಹೇಳಿದೆ. "ವಿಷದ್ದೇನು ಅವು?" ಎಂದು ಕೇಳಿದರು. ಇಷ್ಟು ವರ್ಷ ಆ ಕಸುಬು ಮಾಡಿದ ನಾನು, ಕೇಳಿ ಹೇಳುತ್ತೇನೆಂದು ಹೊರಗೆ ಓಡಿದೆ.

ಆ ಹವಳಗಳನ್ನು ನಾನು ತರಿಸಿದ್ದು ಹೈದರಾಬಾದಿನ ಒಬ್ಬ ಸಗಟು ವ್ಯಾಪಾರಿಯಿಂದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅವನಿಗೆ ನನ್ನ ಫೋನಿನಲ್ಲಿದ್ದ ಆ ಹೂವಿನ ಫೋಟೊ ಕಳಿಸಿ ಫೋನು ಮಾಡಿದೆ. ನಡೆದದ್ದನ್ನು ಪೂರ್ತಿ ಹೇಳುವ ಮೊದಲೇ ಅವನು ಕೇಳಿದ ಮಾತು, ಬಿಸಿನೀರು ಹಾಕಿದೆಯಾ ಎಂಬುದು. ಹೌದು ಎಂದೆ. ಅದರಲ್ಲಿ ಕೆಲವು ಜಾತಿಗಳ ಮೈಯಲ್ಲಿ ಭಾರಿ ವಿಷವಿದೆ, ಕುದಿಸಿದರೆ ಅದು ಆವಿಯ ಜೊತೆ ಎದ್ದು ಉಸಿರಿನೊಳಗೆ ಹೋಗುತ್ತದೆ, ಗಾಯವಿದ್ದ ಕೈಯಲ್ಲಿ ಮುಟ್ಟಲೂ ಬಾರದು ಎಂದು ಹೇಳಿದ. ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಎಲ್ಲರಿಗೂ ಗೊತ್ತಿರುವುದೇ, ನೀನು ಕೇಳಲಿಲ್ಲ ಎಂದ. ವಿಷದ ಹೆಸರು ಬರೆದು ಕಳಿಸು ಎಂದು ಹೇಳಿ, ಅದು ಬಂದೊಡನೆ ಓಡಿ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ತಮ್ಮ ಫೋನಿನಲ್ಲಿ ಏನೇನೋ ಓದಿದರು. ಇದಕ್ಕೆಂದೇ ಬೇರೆ ಔಷಧ ಇಲ್ಲ, ಉಸಿರು ಮತ್ತು ಹೃದಯವನ್ನು ಕಾಯುತ್ತ ಕೂಡಬೇಕು ಎಂದರು. ಅಲ್ಲಿಯೇ ಗೋಡೆಗೆ ಒರಗಿ ಕುಳಿತೆ.

ಆಗ ದೇವದುರ್ಗ ನೆನಪಾಯಿತು.

ಬೇಸಿಗೆಯ ಮೊದಲಿಗೆ ಮಾನ್ವಿಯ ಹೂವಿನ ಒಂದು ಚೂರು ಕಲ್ಲನ್ನು ನಾನೇ ಒಯ್ದು ದೇವದುರ್ಗದ ಡಾಕ್ಟರ ಕ್ಲಿನಿಕ್ಕಿನ ತೊಟ್ಟಿಯಲ್ಲಿ ಇಟ್ಟಿದ್ದೆ. ಸೂಜಿಗೆ ಹೆದರಿ ಅಳುವ ಮಕ್ಕಳು ನೋಡಲಿ ಎಂಬ ಆಸೆ. ಅಲ್ಲಿನ ಸಿಸ್ಟರ್ ಆ ತೊಟ್ಟಿಯನ್ನು ಬಹಳ ಜೋಪಾನವಾಗಿ ನೋಡಿಕೊಳ್ಳುತ್ತಿದ್ದರು. ಫೋನು ಹಚ್ಚಿದೆ.

"ಸಿಸ್ಟರ್, ಆ ಬಟನ್ ಹೂವಿಗೆ ಕೈ ಹಚ್ಚಬ್ಯಾಡ್ರಿ. ಬಿಸಿನೀರಂತೂ ಹಾಕಲೇಬ್ಯಾಡ್ರಿ."

"ಹೋದ ತಿಂಗಳ ಹಾಕಿದ್ನಲ್ರೀ" ಎಂದರು. "ಪಂಪಿನ ಮ್ಯಾಲ ಹಬ್ಬಿದ್ವು. ನೀವು ಹೇಳಿದಂಗ ಬಿಸಿನೀರಾಗ ಇಟ್ಟು ತಿಕ್ಕಿದೆ. ಯಾಕ್ರಿ?"

"ನಿಮಗೇನರೆ ಆತೇನ್ರಿ?"

"ಎರಡ್ ದಿನ ಜ್ವರ ಬಂದಿತ್ತು. ಕೆಮ್ಮು, ಚಳಿ. ಕ್ಲಿನಿಕ್ಕಿನ್ಯಾಗ ಇರೋರಿಗೆ ಬರೋದ ಅಲ್ರೀ, ವೈರಲ್ ಅಂದ್ಕೊಂಡು ಗುಳಿಗಿ ತಗೊಂಡೆ."

ಒಂದು ತಿಂಗಳ ಹಿಂದೆಯೇ, ನಾನು ಕಲಿಸಿದ ರೀತಿಯಲ್ಲೇ, ಇನ್ನೊಂದು ಜೀವ ಇದೇ ಆವಿ ಕುಡಿದಿತ್ತು. ನನಗೂ ಗೊತ್ತಾಗಲಿಲ್ಲ, ಡಾಕ್ಟರಿಗೂ ತಿಳಿಯಲಿಲ್ಲ, ಸ್ವತಃ ಅವರಿಗೂ ಅನುಮಾನ ಬರಲಿಲ್ಲ.

ಮೂರನೆಯ ದಿನಕ್ಕೆ ಹೆಂಡತಿ ಚೇತರಿಸಿಕೊಂಡಳು. ಐದನೆಯ ದಿನ ಮನೆಗೆ ಕರೆತಂದೆವು. ಅವಳ ಅಕ್ಕನನ್ನು ಜೊತೆಗೆ ಬಿಟ್ಟು ದೇವದುರ್ಗದ ಬಸ್ಸು ಹತ್ತಿದೆ. ಡಾಕ್ಟರು ಎಲ್ಲವನ್ನೂ ಕೇಳಿ, ಮೊದಲು ಆ ಕಲ್ಲು ತೆಗೆಯಿರಿ ಎಂದಷ್ಟೇ ಹೇಳಿದರು. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ, ಬಾಯಿಗೆ ಮಾಸ್ಕ್ ಹಾಕಿ, ಕಲ್ಲನ್ನು ನೀರಿನೊಳಗೇ ಮುಚ್ಚಳದ ಡಬ್ಬಿಗೆ ತುಂಬಿಕೊಂಡೆ. ಸಿಸ್ಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಣ್ಣಾರೆ, ನೀವು ಇವನ್ನ ತಂದ ದಿನ ನಾ ಕೇಳಿದ್ದೆ, ಮಕ್ಕಳು ಬರೋ ಜಾಗ, ಇವು ಏನೂ ಮಾಡಂಗಿಲ್ಲಲ್ಲ ಅಂತ."

"ಕೇಳಿದ್ರಿ."

"ಏನೂ ಮಾಡಂಗಿಲ್ಲ ಅಂದಿದ್ರಿ."

"ಅಂದಿದ್ದೆ" ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಬಸ್‌ಸ್ಟ್ಯಾಂಡಿನ ತನಕ ನಡೆಯುವುದು ಸ್ವಲ್ಪ ಹಗುರಾಗುತ್ತಿತ್ತೇನೋ.

ಮಾನ್ವಿಯ ಸಾಹುಕಾರರಿಗೆ ಅಷ್ಟರಲ್ಲಿ ಫೋನಿನಲ್ಲಿ ಹೇಳಿಯಾಗಿತ್ತು. ಅವರ ತಾಯಿ ದಿನಾಲೂ ಪೂಜೆ ಮುಗಿಸಿ ತೊಟ್ಟಿಯ ಮುಂದೆ ಕೂಡುವವರು. ಮುಟ್ಟಿದರೆ ಹೂವು ಮುಚ್ಚಿಕೊಳ್ಳುತ್ತವೆ ಎಂದು ಆ ಅಮ್ಮನಿಗೆ ತೋರಿಸಿಕೊಟ್ಟವನೂ ನಾನೇ. ಆಮೇಲೆ ಅವರು ದಿನಕ್ಕೆರಡು ಸಲ ಬೆರಳು ಅದ್ದಿ ಮುಟ್ಟಿ ನೋಡುತ್ತಿದ್ದರಂತೆ. ಅವರಿಗೆ ಏನೂ ಆಗಿರಲಿಲ್ಲ. ಹೇಗೆ ಆಗಲಿಲ್ಲ ಎಂಬುದು ನನಗೆ ಈಗಲೂ ತಿಳಿಯದು.

ಆ ಹೂವುಗಳನ್ನು ತೆಗೆಯಲು ಮಾನ್ವಿಗೆ ಹೊರಟ ದಿನ ಹೆಂಡತಿ ತಾನೂ ಬರುತ್ತೇನೆಂದಳು. ಬೇಡವೆಂದೆ.

"ಇಷ್ಟು ವರ್ಷ ಆ ತೊಟ್ಟಿ ಸಾಮಾನು ತಿಕ್ಕೀನಿ. ತೊಟ್ಟಿ ಒಮ್ಮಿನೂ ನೋಡಿಲ್ಲ" ಎಂದಳು.

ಅವಳನ್ನು ಒಂದು ಸಲವಾದರೂ ಕರೆದೊಯ್ಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಸಾಹುಕಾರರ ಪಡಸಾಲೆಯಲ್ಲಿ ಆ ಅಮ್ಮ ಅವಳಿಗೆ ಕುರ್ಚಿ ಹಾಕಿಸಿ, "ಬಾ ಯವ್ವಾ, ಕುಂದ್ರು" ಎಂದರು. ಅವಳು ಕೂಡಲಿಲ್ಲ. ಗಾಜಿನಿಂದ ಎರಡು ಹೆಜ್ಜೆ ಹಿಂದೆ ನಿಂತು, ಸೆರಗನ್ನು ಮೂಗಿಗೆ ಹಿಡಿದುಕೊಂಡು ನೋಡಿದಳು. ನೀಲಿ ಬೆಳಕಿನಲ್ಲಿ ನೂರಾರು ಹೂವುಗಳು ನೀರಿನ ಸೆಳೆತಕ್ಕೆ ಒಂದೇ ಕಡೆ ಬಾಗಿ ಏಳುತ್ತಿದ್ದವು.

"ಇಷ್ಟು ಚೆಂದ ಇರ್ತಾವೇನ್ರಿ ಇವು" ಎಂದಳು ಕೊನೆಗೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ದೊಡ್ಡದಾಗಿ ಅರಳಿದ ಅವಳ ಕಣ್ಣುಗಳನ್ನು ನಾನು ಅದಕ್ಕೆ ಮೊದಲು ನೋಡಿದ್ದಿಲ್ಲ.

ಅವಳನ್ನೂ ಅಮ್ಮನನ್ನೂ ಅಂಗಳಕ್ಕೆ ಕಳಿಸಿ, ಕಿಟಕಿಗಳನ್ನೆಲ್ಲ ತೆರೆದು, ಗ್ಲೌಸ್ ಏರಿಸಿ ನೀರಿಗೆ ಕೈಯಿಟ್ಟೆ. ನೆರಳು ಬಿದ್ದ ಕಡೆಯ ಹೂವುಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದವು.