ಗಂಗವ್ವನ ಎರಡು ಹಗೇವು

ಕಳೆದ ವಾರ ಬ್ಯಾಡಗಿ ಪೇಟೆಯಲ್ಲಿ ಜೋಳ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಹಳೆಯ ಚೀಲವೊಂದರ ಬಾಯಿ ಬಿಚ್ಚಿದ. ಹುಳಿ, ಮುಗ್ಗಲು, ಒಣಮಣ್ಣು ಕೂಡಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ನನಗೇ ತಿಳಿಯದೆ ಹಿಂದಕ್ಕೆ ಸರಿದವನು ಬೆನ್ನ ಹಿಂದಿದ್ದ ಮೆಣಸಿನಕಾಯಿ ರಾಶಿಯ ಮೇಲೆ ಕೂತುಬಿಟ್ಟೆ.

"ಹಗೇವಿನ ಜ್ವಾಳರೀ, ಹೊಟ್ಟಿಗೆ ತಂಪು. ಅಂಜಾಕ ಅದೇನು ಹಾವಲ್ಲ" ಎಂದು ಅಂಗಡಿಯವನು ನಕ್ಕ. ನಾನೂ ನಕ್ಕು, ಧೋತರ ಕೊಡವಿಕೊಂಡು, ಜೋಳ ಕೊಳ್ಳದೆ ಮನೆಗೆ ಬಂದೆ. ಯಾಕೆ ತರಲಿಲ್ಲ ಎಂದು ಮನೆಯಲ್ಲಿ ಕೇಳಿದರು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ಎದುರಿಗಿಲ್ಲ, ಅದೊಂದು ಅನುಕೂಲ.

ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲವಾಗುತ್ತದೆ. ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಕಾಳು ಒಳಗೊಳಗೇ ಉಸಿರಾಡುತ್ತಿರುತ್ತದೆ, ಒಳಗಿನ ಗಾಳಿಯನ್ನು ತಾನೇ ತಿಂದು ಮುಗಿಸುತ್ತದೆ. ಅದಕ್ಕೇ ಬಾಯಿ ತೆಗೆದ ಮೇಲೆ ಒಂದು ಹಗಲು ಒಂದು ರಾತ್ರಿ ಹಾಗೇ ಬಿಡುತ್ತಾರೆ. ಆಮೇಲೆ ಉರಿಯುವ ಕಂದೀಲು ಇಳಿಬಿಡುತ್ತಾರೆ. ದೀಪ ಉಳಿದರೆ ಮನುಷ್ಯ ಇಳಿಯಬಹುದು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ; ಊಟಕ್ಕೆ ಮೊದಲು ಕೈ ತೊಳೆದ ಹಾಗೆ ನಡೆದುಹೋಗುತ್ತದೆ.

ಎರಡನೆಯ ಮಹಾಯುದ್ಧದ ವರ್ಷಗಳು ಅವು. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ ಹಾವೇರಿಗೆ ಮರಳಿದ್ದೆ. ಬೇಡಿಕೆ, ಪೂರೈಕೆಯ ಗೆರೆಗಳು ಎಲ್ಲಿ ಕೂಡುತ್ತವೆ ಎಂದು ಚಿತ್ರ ಬರೆದು ಪಾಸಾದವನು. ಅವು ಕೂಡುವುದು ಬ್ಯಾಡಗಿ ಸ್ಟೇಷನ್ನಿನಲ್ಲಿ, ಅದೂ ವ್ಯಾಗನ್ ಸಿಕ್ಕ ದಿನ ಮಾತ್ರ ಎಂಬುದು ಊರಿಗೆ ಬಂದ ಮೇಲೆ ತಿಳಿಯಿತು. ಮೂಡಲ ಸೀಮೆಯಲ್ಲಿ ಬೆಳೆ ಹೋಗಿ ಜನ ರಾಣೆಬೆನ್ನೂರಿಗೆ ಬಂದು ಬೀಳುತ್ತಿದ್ದರು. ಅಲ್ಲಿ ಊರವರು ಕೂಡಿ ಒಂದು ಗಂಜಿ ಮನೆ ನಡೆಸುತ್ತಿದ್ದರು. ಅದಕ್ಕೆ ಹಳ್ಳಿಗಳಿಂದ ಜೋಳ ಕೂಡಿಸಿ ಕಳಿಸುವುದು ನನ್ನ ಕೆಲಸ.

ಜೋಳ ಇರಲಿಲ್ಲವೇ ಎಂದರೆ ಇತ್ತು. ಕರ್ಜಗಿಯಲ್ಲಿ ಇತ್ತು, ಮೋಟೆಬೆನ್ನೂರಿನಲ್ಲಿ ಇತ್ತು, ನೆಲದ ಕೆಳಗೆ ತಣ್ಣಗೆ ಮಲಗಿತ್ತು. ಅದು ಹಸಿದ ಬಾಯಿಯವರೆಗೆ ಹೋಗಲು ದಾರಿ ಇರಲಿಲ್ಲ. ಗೋಣಿಚೀಲಗಳೆಲ್ಲ ಯುದ್ಧಕ್ಕೆ ಹೋಗಿದ್ದವು. ಮುಂಗಾರಿನ ಬಿತ್ತನೆ ನಡೆದಿದ್ದರಿಂದ ಎತ್ತುಗಳು ಹೊಲದಲ್ಲಿದ್ದವು. ಬಂಡಿಯವರು ಅರ್ಧ ದಿನಕ್ಕಿಂತ ಹೆಚ್ಚು ಕೊಡಲಾರೆವೆಂದಿದ್ದರು. ಅರ್ಧ ದಿನದಲ್ಲಿ ಬ್ಯಾಡಗಿ ಸ್ಟೇಷನ್ ಮುಟ್ಟಬಹುದು, ರಾಣೆಬೆನ್ನೂರು ಮುಟ್ಟಿ ಬರಲಾಗದು. ವ್ಯಾಗನ್ ಕೊಟ್ಟರೆ ಕೊಟ್ಟರು. ತಪ್ಪಿದರೆ ಮುಂದಿನದು ಯಾವಾಗ ಎಂದು ಸ್ಟೇಷನ್ ಮಾಸ್ತರರಿಗೂ ಗೊತ್ತಿರುತ್ತಿರಲಿಲ್ಲ. ಚೀಲ ಇಲ್ಲವೆಂದು ಹೆಣ್ಣುಮಕ್ಕಳು ಹಳೆಯ ಸೀರೆಗಳನ್ನು ಮಡಚಿ ಹೊಲಿದುಕೊಟ್ಟರು. ಇಳಕಲ್ಲಿನ ಕೆಂಪು ಅಂಚಿನ ಚೀಲಗಳು ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ಕೂತಾಗ ಮಾಸ್ತರರು ಕನ್ನಡಕ ಏರಿಸಿ, "ಏನ್ರೀ, ಜ್ವಾಳ ಕಳಸ್ತೀರೋ, ಹೆಣ್ಣು ಕಳಸ್ತೀರೋ?" ಎಂದಿದ್ದರು. ಹೀಗೆ ನಗುವುದಕ್ಕೂ ಏನೋ ಇತ್ತು, ಆ ದಿನದವರೆಗೆ.

ಮೋಟೆಬೆನ್ನೂರಿನ ಗಂಗವ್ವ ಗಂಡನಿಲ್ಲದವಳು. ಹೊಲಮನೆ ನೋಡಿಕೊಳ್ಳಲು ತಮ್ಮ ಚೆನ್ನಪ್ಪನನ್ನು ಹತ್ತಿರ ಇಟ್ಟುಕೊಂಡಿದ್ದಳು. ಅವಳ ಹಿತ್ತಲಲ್ಲಿ ಎರಡು ಹಗೇವು. ಒಂದನ್ನು ಗಂಜಿ ಮನೆಗೆ ಕೊಡುತ್ತೇನೆಂದು ತಾನಾಗಿಯೇ ಹೇಳಿ ಕಳಿಸಿದ್ದಳು. ಅದರ ಬಾಯಿ ತೆಗೆಸಿ, ಒಂದು ದಿನ ಬಿಟ್ಟು, ದೀಪ ಇಳಿಸಿ ನೋಡಿ, ಚೆನ್ನಪ್ಪ, ಹಮಾಲ ಹುಸೇನಸಾಬ ಮತ್ತು ಒಬ್ಬ ಬಂಡಿಯವನು ಇಳಿದು ಮೇಲಿನ ಜೋಳವನ್ನೆಲ್ಲ ತೆಗೆದಿದ್ದರು. ಅಷ್ಟರಲ್ಲಿ ಮಳೆ ಬಂತು. ಒಳಗೆ ಉಳಿದ ಕಾಳು ನೆನೆಯಬಾರದೆಂದು ಬಾಯಿಗೆ ಮತ್ತೆ ಕಲ್ಲು ಎಳೆದರು. ತೆಗೆದ ಜೋಳವನ್ನು ಸೀರೆಯ ಚೀಲಗಳಿಗೆ ತುಂಬಿ ಪಡಸಾಲೆಯಲ್ಲಿ ಒಟ್ಟಿದರು. ಮಾರನೆಯ ದಿನ ಮಧ್ಯಾಹ್ನ ವ್ಯಾಗನ್.

ಬೆಳಿಗ್ಗೆ ನಾನು ಹೋದಾಗ ಕಲ್ಲು ಆಗಷ್ಟೇ ಸರಿಸಿದ್ದರು. ದಿನದ ಮೊದಲ ಬುಟ್ಟಿಯನ್ನು ಮನೆಯವರೇ ತುಂಬಬೇಕು, ಅದು ರೂಢಿ. ಚೆನ್ನಪ್ಪ ಧೋತರ ಎತ್ತಿ ಕಟ್ಟಿ ಬಾಯಿಗೆ ಕಾಲು ಇಳಿಬಿಟ್ಟು ಕೂತಿದ್ದ.

"ಕಂದೀಲು ಬಿಟ್ಟು ನೋಡೂಣೇನು?" ಎಂದು ಹುಸೇನಸಾಬ ಕೇಳಿದ.

"ನಿನ್ನೆ ಸಂಜೀತನಕ ಇದರಾಗ ನಿಂತು ನಿನ್ನ ಹಾಡು ಕೇಳೇನಿ. ಅದಕ್ಕ ಸಾಯಲಿಲ್ಲ, ಇನ್ನ ಯಾತಕ್ಕ ಸಾಯ್ತೇನೋ ಮಾರಾಯಾ?" ಎಂದ ಚೆನ್ನಪ್ಪ. ನನ್ನ ಕಡೆ ತಿರುಗಿ, "ಕಾಲೇಜ ಸಾಹೇಬ್ರ, ಗಡಿಯಾರ ನೋಡ್ಕೋತ ನಿಂದರಬ್ಯಾಡ್ರಿ, ಬುಟ್ಟಿ ಹಿಡೀರಿ" ಎಂದ.

ಎಲ್ಲರೂ ನಕ್ಕೆವು. ನಿನ್ನೆ ಮೂವರು ನಿಂತ ಜಾಗ ಅದು. ರಾತ್ರಿ ಮುಚ್ಚಿದ ಮೇಲೆ ಉಳಿದ ಕಾಳು ಮತ್ತೆ ಗಾಳಿಯನ್ನು ತಿಂದಿರುತ್ತದೆ, ಅದು ಮತ್ತೆ ಹೊಸ ಹಗೇವು ಎಂದು ಅಲ್ಲಿದ್ದ ಯಾರಿಗೂ, ದಿನಾ ಹಗೇವು ನೋಡಿದವರಿಗೂ, ಹೊಳೆಯಲಿಲ್ಲ. ಅವನು ಗೋಡೆಯ ಮೆಟ್ಟುಗುಳಿಗಳಲ್ಲಿ ಕಾಲಿಡುತ್ತ ಇಳಿದ. "ಬುಟ್ಟಿ ಬಿಡ್ರಿ" ಎಂಬ ಮಾತು ಕೇಳಿತು. ಬುಟ್ಟಿ ಬಿಟ್ಟೆವು. ಅದನ್ನು ಯಾರೂ ಹಿಡಿಯಲಿಲ್ಲ.

"ಚೆನ್ನಪ್ಪಾ" ಎಂದು ಹುಸೇನಸಾಬ ಕೂಗಿದ. ಉತ್ತರವಿಲ್ಲ. ಅವನು ಬುಟ್ಟಿಯನ್ನು ಸೆಳೆದು, ಅದರ ಹಗ್ಗ ಬಿಚ್ಚಿ ತನ್ನ ಸೊಂಟಕ್ಕೆ ಸುತ್ತಿಕೊಂಡು, ನಾವು ಬಾಯಿ ತೆರೆಯುವಷ್ಟರಲ್ಲಿ ಇಳಿದುಬಿಟ್ಟ. ಹಗ್ಗ ಸ್ವಲ್ಪ ಹೊತ್ತು ಆಡಿತು, ಆಮೇಲೆ ಒಮ್ಮೆಲೇ ಭಾರವಾಯಿತು. ಎಳೆದೆವು. ತಲೆ ಜೋತುಬಿದ್ದು, ತುಟಿ ಕಪ್ಪಿಟ್ಟು ಬಂದ. ನೆಲದ ಮೇಲೆ ಮಲಗಿಸಿ ಬೆನ್ನು ತಿಕ್ಕಿದಾಗ ಕೆಮ್ಮಿದ.

ಹಗ್ಗವನ್ನು ಅವನ ಸೊಂಟದಿಂದ ಬಿಡಿಸಲು ಬರಲಿಲ್ಲ, ಗಂಟು ಬಿಗಿದಿತ್ತು. ನಾನು ಬಾಯಿಗೆ ಹೋಗಿ ಕೂತೆ. ನನ್ನ ಬಲಗಾಲು ಮೊದಲ ಗುಳಿಯಲ್ಲಿ ಊರಿದ್ದು ನೆನಪಿದೆ. ಒಳಗಿನ ಬೆಚ್ಚನೆಯ ಹುಳಿ ಗಾಳಿ ಮೊಣಕಾಲಿನವರೆಗೆ ಬಂದದ್ದು ನೆನಪಿದೆ. ಆಗ ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದು ನನ್ನನ್ನು ಎಳೆದೊಗೆದರು.

ಗಂಗವ್ವ. ಅಡುಗೆಮನೆಯಿಂದ ಓಡಿಬಂದಿದ್ದಳು, ಕೈಯಲ್ಲಿ ಇನ್ನೂ ಹಿಟ್ಟಿತ್ತು. ಹಗೇವಿನ ಬಾಯಿಗೆ ಅಡ್ಡವಾಗಿ ಕೂತಳು.

"ಯಾರೂ ಇಳೀಬ್ಯಾಡ್ರಿ."

"ಅವ್ವಾ, ಒಳಗ ಚೆನ್ನಪ್ಪ ಅದಾನ" ಎಂದೆ, ಅವಳಿಗೆ ಗೊತ್ತಿಲ್ಲವೆನ್ನುವಂತೆ.

"ಗೊತ್ತೈತಿ. ನಿನ್ನ ಹಡದಾಕಿನೂ ಒಬ್ಬಾಕಿ ಅದಾಳ. ಕೌದಿ ತರ್ರಿ, ಲಗೂ."

ಹೊದೆಯುವ ಕೌದಿಗೆ ಬಂಡಿಯ ಹಗ್ಗ ಕಟ್ಟಿ ಒಳಗೆ ಬಿಟ್ಟು ಎತ್ತಿದರು, ಬಿಟ್ಟು ಎತ್ತಿದರು, ತಿದಿಯೊತ್ತಿದ ಹಾಗೆ, ಒಳಗಿನ ಗಾಳಿ ಹೊರಗೆ ಬರಲಿ ಎಂದು. ನಡುನಡುವೆ ಕಂದೀಲು ಇಳಿಸಿದರು. ಮೊದಲ ಸಲ ಆರಿತು. ಎರಡನೆಯ ಸಲವೂ ಆರಿತು. ಅವಳು ಆರಿದ ಕಂದೀಲನ್ನು ನೋಡುತ್ತ ಕೂತಿದ್ದಳು; ತಮ್ಮನ ಹೆಸರು ಕೂಗಲಿಲ್ಲ, ಯಾರಿಗೂ ಇಳಿ ಎನ್ನಲಿಲ್ಲ. ಅಷ್ಟು ಹೊತ್ತು ನಾನು ನೋಡಿದ್ದು ಅವಳ ಕೈಯ ಹಿಟ್ಟು ಒಣಗಿ ಬಿರಿಯುವುದನ್ನು. ದೀಪ ನಿಂತ ಮೇಲೆ ಬಂಡಿಯವನೊಬ್ಬ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಚೆನ್ನಪ್ಪನನ್ನು ಮೇಲೆ ತಂದರು. ತಿಕ್ಕಿದರು, ಊದಿದರು. ಕೆಮ್ಮು ಬರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೂ ಹಗುರ, ನನಗೂ ಹಗುರ. ಆದರೆ ರಾಣೆಬೆನ್ನೂರಿನಲ್ಲಿ ಒಲೆ ಹೊತ್ತಿಸಲು ಕಾಯುತ್ತಿದ್ದರು, ಅಲ್ಲಿ ಮರುದಿನಕ್ಕೆ ಕಾಳಿರಲಿಲ್ಲ. ಪಡಸಾಲೆಯಲ್ಲಿ ನಿನ್ನೆಯ ಚೀಲಗಳಿದ್ದವು. ಬಂಡಿಯವರು ಎತ್ತು ಬಿಚ್ಚಿದರು.

"ಜೀವ ತಗೊಂಡ ಹಗೇವಿನ ಕಾಳು. ನಾವು ಹೇರೂದಿಲ್ಲರೀ. ಉಂಡವರಿಗೆ ಏನರ ಆದ್ರ?" ಎಂದ ಹಿರಿಯ ಬಂಡಿಯವನು. ಅವನು ಕಟುಕನಲ್ಲ, ಹೇಳುವಾಗ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ನಾನು ಏನೋ ವಾದ ಮಾಡಿದೆ, ಪುಸ್ತಕದ ಮಾತು. ಯಾರೂ ಕೇಳಲಿಲ್ಲ, ಕೇಳುವಂಥದ್ದೂ ಆಗಿರಲಿಲ್ಲ.

ಗಂಗವ್ವ ತಮ್ಮನ ತಲೆಯ ಹತ್ತಿರದಿಂದ ಎದ್ದು ಬಂದಳು. ಕೆಂಪು ಅಂಚಿನ ಒಂದು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಜೋಳ ತೆಗೆದು ಬಾಯಿಗೆ ಹಾಕಿಕೊಂಡಳು. ಒಣ ಜೋಳ. ಹೆಣ ಅಂಗಳದಲ್ಲಿರುವಾಗ ಆ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕುವುದಿಲ್ಲ. ಅವಳು ಎಲ್ಲರೆದುರು ಕಟಕಟನೆ ಅಗಿದಳು. ಉಗುಳು ಇಲ್ಲದ ಬಾಯಿಯಲ್ಲಿ ಅದು ಸುಲಭಕ್ಕೆ ಇಳಿಯಲಿಲ್ಲ. ಇಳಿಯುವವರೆಗೂ ಅಗಿದಳು.

"ಅವ ಸತ್ತದ್ದು ಗಾಳಿಗೆ. ಜ್ವಾಳ ಏನು ಮಾಡೇತಿ? ಹೇರ್ರಿ" ಎಂದಳು. ಮತ್ತೆ ಹೋಗಿ ತಮ್ಮನ ತಲೆಯ ಹತ್ತಿರ ಕೂತಳು.

ಬಂಡಿಗಳು ಹೋದವು. ವ್ಯಾಗನ್ ಸಿಕ್ಕಿತು. ಅದರ ಹಿಂದೆ ನಾನೂ ರಾಣೆಬೆನ್ನೂರಿಗೆ ಹೋದೆ, ಗಂಜಿ ಬಡಿಸುವುದನ್ನು ನಿಂತು ನೋಡಿದೆ.

ದಿನಕರ್ಮ ಮುಗಿದ ಮೇಲೆ ಅವಳನ್ನು ಮಾತನಾಡಿಸಲು ಹೋದಾಗ ಗಂಗವ್ವ ಬೇರೇನೂ ಕೇಳಲಿಲ್ಲ. "ಉಂಡ್ರೇನು?" ಎಂದಳು.

"ಉಂಡ್ರವ್ವ. ಒಬ್ಬ ಮುದುಕಿ ಇನ್ನೊಂದು ಸವಟು ಹಾಕು ಅಂತ ತಟ್ಟಿ ಒಡ್ಡಿದ್ಲು."

"ಹಾಕಿದ್ರಿ?"

"ಇಲ್ಲ. ಒಬ್ಬರಿಗೆ ಒಂದೇ ಸವಟು. ಎಲ್ಲಾರಿಗೂ ಮುಟ್ಟಬೇಕಲ್ಲ."

ಅವಳು ಹಿತ್ತಲ ಕಡೆ ತಿರುಗಿದಳು. "ಇನ್ನೊಂದು ಐತಿ. ಇವತ್ತ ಬಾಯಿ ತೆಗಿಸಿಡ್ತೇನಿ. ನಾಡದು ಬಂಡಿ ತರ್ರಿ."

ಆ ಎರಡನೆಯ ಹಗೇವಿಗೆ ಹುಸೇನಸಾಬನೇ ಇಳಿದ, ಬೇಡವೆಂದರೂ ಕೇಳಲಿಲ್ಲ. ಮೊದಲ ಬುಟ್ಟಿ ಮನೆಯವರದೇ ಆಗಬೇಕಲ್ಲ ಎಂದು ಬಂಡಿಯವರು ಗೊಣಗಿದಾಗ ಗಂಗವ್ವ, "ಅವನೂ ಮನೀ ಮಗನ" ಎಂದು ಬಾಯಿ ಮುಚ್ಚಿಸಿದಳು. ಅವಳು ಹಾಕಿದ ನೇಮ ಒಂದೇ: ಇಳಿದವನು ಬಾಯಿ ಮುಚ್ಚಬಾರದು, ಮಾತು ನಿಂತರೆ ಎಳೆಯಬೇಕು. ಆಮೇಲೆ ನಾವು ತೆಗೆಸಿದ ಹಗೇವುಗಳಲ್ಲೆಲ್ಲ ಅದೇ ನಡೆಯಿತು. ಹುಸೇನಸಾಬ ಕೆಳಗಿನಿಂದ ತನ್ನ ಹೆಂಡತಿಯ ಸಾರನ್ನು ಬೈದ, ಎತ್ತಿನ ಗುಣ ಹೇಳಿದ, ಸುಳ್ಳು ಹಾಡು ಕಟ್ಟಿದ. ನಾನು ಹಗ್ಗ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದೆ. ಅವನು ಉಸಿರು ತೆಗೆದುಕೊಳ್ಳಲು ತಡೆದಾಗಲೆಲ್ಲ ಎಳೆದುಬಿಡುತ್ತಿದ್ದೆ. "ಸೀನಾಕರ ಬಿಡ್ರೀ ಸಾಹೇಬ್ರ" ಎಂದು ಅವನು ಕೆಳಗಿನಿಂದ ಬೈಯುತ್ತಿದ್ದ.

ಈಗ ನಮ್ಮ ಮನೆಯಲ್ಲಿ ಯಾರಾದರೂ ಒಳಕೋಣೆಗೆ ಹೋಗಿ ಸದ್ದು ನಿಂತರೆ ನಾನು ಕೂಗುತ್ತೇನೆ. ಓಗೊಡುವವರೆಗೂ ಕೂಗುತ್ತೇನೆ. ಮುದುಕನಿಗೆ ಒಂಟಿತನ ಎಂದು ಸೊಸೆ ತಿಳಿದುಕೊಂಡಿದ್ದಾಳೆ. ಇದನ್ನು ಬರೆಯುವಾಗ ಅವಳು ಅಡುಗೆಮನೆಯಲ್ಲಿದ್ದಳು, ಬಹಳ ಹೊತ್ತಿನಿಂದ ಪಾತ್ರೆಯ ಸದ್ದಿರಲಿಲ್ಲ. ಕೂಗಿದೆ.

"ಅದೇನಿರೀ ಮಾಂವಾ, ಇಲ್ಲೇ ಅದೇನಿ. ಎಷ್ಟು ಸಲ ಹೇಳಬೇಕು?" ಎಂದಳು.

ಇನ್ನೊಮ್ಮೆ ಹೇಳು ಎಂದೆ.